ನಶ್ಯದ ಜಾಡಿಯ ಮುಚ್ಚಳದ ಸದ್ದು

(ನಗಿಸುತ್ತಿದ್ದ ಗಂಡನನ್ನು, ಅಪ್ಪನನ್ನು ಮನೆಯವರು ಹೇಗೆ ನೆನಪಿಟ್ಟುಕೊಳ್ಳಬಹುದು ಎಂಬ ಬಗ್ಗೆ ಈಚೆಗೆ ಒಂದು ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನ ಅಪ್ಪ ತೀರಿಕೊಂಡ ಕೆಲವು ವಾರಗಳ ಮೇಲೆ ಅವರ ಹಳೆಯ ಸ್ನೇಹಿತರೊಬ್ಬರು ಮನೆಗೆ ಬಂದಿದ್ದರು. ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದು, “ಎಷ್ಟು ನಗಿಸ್ತಿದ್ದ ಅಲ್ವಾ ಅವನು?” ಎಂದರು. ಅಮ್ಮ ಹೌದೆಂದು ತಲೆಯಾಡಿಸಿದರು. ಆ ಸ್ನೇಹಿತರ ಜೊತೆ ಅವರ ಮೊಮ್ಮಗಳು ಬಂದಿದ್ದಳು, ಹತ್ತು ಹನ್ನೊಂದು ವರ್ಷದ ಹುಡುಗಿ. “ಏನು ಹೇಳಿ ನಗಿಸ್ತಿದ್ರು? ಒಂದು ಹೇಳಿ ಅಜ್ಜಿ” ಎಂದಳು.

ಅಮ್ಮ ಬಾಯಿ ತೆರೆದರು. ಏನೂ ಬರಲಿಲ್ಲ. ನನ್ನ ಕಡೆ ನೋಡಿದರು. ನಾನು ತಮ್ಮನ ಕಡೆ ನೋಡಿದೆ. ವರ್ಷಗಟ್ಟಲೆ ಒಂದೇ ಸೂರಿನಡಿ ಅವರ ಜೊತೆ ನಕ್ಕವರು ನಾವು. ಆ ಮಗುವಿಗೆ ಹೇಳಲು ನಮ್ಮ ಮೂವರ ಹತ್ತಿರವೂ ಒಂದು ನಗೆಮಾತು ಇರಲಿಲ್ಲ.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಪ್ಪ ಹುಟ್ಟಿದ ತಾರೀಕು ಗೊತ್ತು. ಎಲ್ಲೆಲ್ಲಿ ಕೆಲಸ ಮಾಡಿದರು, ಯಾವಾಗ ನಿವೃತ್ತಿ ಆದರು, ಎಲ್ಲ ಗೊತ್ತು. ಕಾಗದಪತ್ರ ಇದೆ, ಫೋಟೋ ಇದೆ. ಆದರೆ ಅವರು ಯಾವುದರಿಂದ ಅವರಾಗಿದ್ದರೋ ಅದು ಯಾವ ಕಾಗದದಲ್ಲೂ ಇಲ್ಲ. ಇಷ್ಟು ಬೇಗ ಕೈಜಾರಿತಾ ಅನ್ನಿಸಿತು.

ಕೈಜಾರಿರಲಿಲ್ಲ. ನಾವು ಹುಡುಕಿದ್ದು ತಪ್ಪು ಜಾಗದಲ್ಲಿ. ಇದು ನನಗೆ ಅರ್ಥವಾಗಿದ್ದು ರಾಬರ್ಟ್ ಪ್ರೊವೈನ್ ಎಂಬ ಅಮೆರಿಕದ ವಿಜ್ಞಾನಿಯ ಕೆಲಸವನ್ನು ಓದಿದ ಮೇಲೆ. ಅವರು ಮತ್ತು ಅವರ ವಿದ್ಯಾರ್ಥಿಗಳು ಜನ ಸೇರುವ ಜಾಗಗಳಿಗೆ ಹೋಗಿ, ಯಾರಾದರೂ ನಕ್ಕ ಕೂಡಲೇ ಅದಕ್ಕೆ ಮುಂಚೆ ಏನು ಮಾತು ಬಂತು ಎಂದು ಬರೆದುಕೊಂಡರು. ಹೀಗೆ 1200 ನಗುಗಳನ್ನು ಒಟ್ಟು ಮಾಡಿದರು. ಅದರಲ್ಲಿ ತಮಾಷೆ ಎನ್ನಬಹುದಾದ ಮಾತಿನಿಂದ ಬಂದ ನಗು ನೂರಕ್ಕೆ ಹತ್ತರಿಂದ ಇಪ್ಪತ್ತು ಮಾತ್ರ. ಉಳಿದದ್ದೆಲ್ಲ ತೀರಾ ಸಾಮಾನ್ಯ ಮಾತು. ಬರ್ತೀನಿ, ನೋಡು ಯಾರು ಬಂದ್ರು, ಇಂಥವು. ಇನ್ನೊಂದು ವಿಷಯವನ್ನೂ ಅವರು ಕಂಡುಕೊಂಡರು. ಮನುಷ್ಯ ಒಬ್ಬನೇ ಇರುವಾಗ ನಗುವುದಕ್ಕಿಂತ ಜನರ ಜೊತೆ ಇರುವಾಗ ಸುಮಾರು ಮೂವತ್ತು ಪಟ್ಟು ಜಾಸ್ತಿ ನಗುತ್ತಾನಂತೆ.

ಅಂದರೆ ಮನೆಯ ನಗು ಮಾತಿನ ಒಳಗೆ ಇರುವುದು ಕಡಿಮೆ. ಅದು ಇಬ್ಬರ ನಡುವೆ ಇರುತ್ತದೆ. ಹೇಳಿದ ಹೊತ್ತು, ಹೇಳಿದ ದನಿ, ಹೇಳುವ ಮುಂಚೆ ನಿಲ್ಲಿಸಿದ ರೀತಿ, ಕೇಳಿದವರ ಮುಖ, ಎಲ್ಲ ಸೇರಿ ನಗು ಆಗುತ್ತದೆ. ಆ ಇಬ್ಬರಲ್ಲಿ ಒಬ್ಬರು ಹೋದಾಗ ಉಳಿದವರ ಕೈಯಲ್ಲಿ ಬರೀ ಮಾತು ಉಳಿಯುತ್ತದೆ. ಅದನ್ನು ಹೇಳಿ ನೋಡಿದರೆ ಯಾರೂ ನಗುವುದಿಲ್ಲ. ಆಮೇಲೆ ನಾವೂ ಹೇಳುವುದನ್ನು ಬಿಡುತ್ತೇವೆ.

ನನ್ನ ಅಪ್ಪನ ಒಂದು ವಿಷಯ ಹೇಳುತ್ತೇನೆ. ನಾನು ಫೋನ್ ಮಾಡಿದರೆ ಅವರು ಎತ್ತಿ, ಅವರದೇ ದನಿಯಲ್ಲಿ, “ರಾಂಗ್ ನಂಬರ್” ಎನ್ನುತ್ತಿದ್ದರು. ಅಷ್ಟೇ. ನೋಡಿ, ನೀವು ಯಾರೂ ನಗಲಿಲ್ಲ. ನಗುವಂಥದ್ದು ಅದರಲ್ಲಿ ಏನೂ ಇಲ್ಲ. ಈಗ ಇನ್ನೊಂದು ಸಲ ಹೇಳುತ್ತೇನೆ. ಅವರು ದನಿ ಬದಲಿಸುತ್ತಿರಲಿಲ್ಲ. ಫೋನ್ ಇಡುತ್ತಲೂ ಇರಲಿಲ್ಲ. “ರಾಂಗ್ ನಂಬರ್” ಎಂದು ಹೇಳಿ ಕಾಯುತ್ತಿದ್ದರು. ನಾನೂ ಈ ಕಡೆ ಮಾತಾಡದೆ ಕಾಯುತ್ತಿದ್ದೆ. ಯಾರು ಮೊದಲು ಸೋಲುತ್ತಾರೆ ಎಂಬ ಲೆಕ್ಕ. ನಗು ತಡೆದುಕೊಂಡಾಗ ಅವರ ಮೂಗಿನಿಂದ ಒಂದು ಸಣ್ಣ ಗಾಳಿ ಬರುತ್ತಿತ್ತು, ಅದು ಫೋನಿನಲ್ಲಿ ಪುಸ್ ಎಂದು ಕೇಳುತ್ತಿತ್ತು. ಅಷ್ಟರಲ್ಲಿ ಹಿಂದಿನಿಂದ ಅಮ್ಮ, “ರೀ, ಅವಳು ದುಡ್ಡು ಕೊಟ್ಟು ಫೋನ್ ಮಾಡಿರೋದು, ಕೊಡಿ ಇಲ್ಲಿ” ಎಂದು ಕೂಗುತ್ತಿದ್ದರು. ಆ ಪುಸ್ ಎಂಬ ಸದ್ದು ಇದೆಯಲ್ಲ, ಅದು ನನ್ನ ಅಪ್ಪ.

ಈಗ ಇನ್ನೊಬ್ಬ ಅಪ್ಪನ ಕಥೆಗೆ ಬರುತ್ತೇನೆ. ಇವತ್ತು ನಾನು ಮುಖ್ಯವಾಗಿ ಹೇಳಬೇಕೆಂದು ಬಂದಿರುವುದು ಅವರ ಬಗ್ಗೆಯೇ. ಬೇರೆಯವರು ತಮ್ಮ ಅಪ್ಪಂದಿರ ಬಗ್ಗೆ ಹೇಗೆ ಬರೆದಿದ್ದಾರೆ ಎಂದು ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದವರು ಚಾರ್ಲ್ಸ್ ಡಾರ್ವಿನ್.

ಹೌದು, ಜೀವವಿಕಾಸದ ಡಾರ್ವಿನ್. ಬಿಳಿ ಗಡ್ಡ, ದಪ್ಪ ಹುಬ್ಬು, ಗಂಭೀರ ಮುಖ. ಶಾಲೆಯ ಪುಸ್ತಕದಲ್ಲಿ ಇರುವ ಆ ಚಿತ್ರ ನೋಡಿದರೆ ಈ ಮನುಷ್ಯ ಮನೆಯಲ್ಲಿ ಮಕ್ಕಳ ಜೊತೆ ಕೂಗಾಡಿಕೊಂಡು ಆಡುತ್ತಿದ್ದರು ಎಂದು ಯಾರಿಗೂ ಅನ್ನಿಸುವುದಿಲ್ಲ. ನನಗೂ ಅನ್ನಿಸಿರಲಿಲ್ಲ. ಅವರ ಹೆಂಡತಿ, ಮಕ್ಕಳು ಬರೆದಿಟ್ಟದ್ದನ್ನು ಓದಿದ ಮೇಲೆ ಆ ಚಿತ್ರದೊಳಗಿಂದ ಬೇರೆ ಮನುಷ್ಯನೇ ಎದ್ದು ಬಂದ ಹಾಗಾಯಿತು.

ಡಾರ್ವಿನ್ ಮದುವೆ ಆಗಿದ್ದು 1839ರ ಜನವರಿ 29ರಂದು, ಎಮ್ಮಾ ವೆಜ್‌ವುಡ್ ಅವರನ್ನು. 1842ರಲ್ಲಿ ಇಬ್ಬರೂ ಇಂಗ್ಲೆಂಡಿನಲ್ಲಿ ಆಗ ಕೆಂಟ್ ಪ್ರಾಂತ್ಯಕ್ಕೆ ಸೇರಿದ್ದ ಒಂದು ಹಳ್ಳಿಯ ಡೌನ್ ಹೌಸ್ ಎಂಬ ಮನೆಗೆ ಬಂದರು. ಅಲ್ಲಿಂದ ಸಾಯುವ ತನಕ, ಅಂದರೆ 1882ರ ಏಪ್ರಿಲ್ 19ರ ತನಕ, ಡಾರ್ವಿನ್ ಇದ್ದದ್ದು ಆ ಮನೆಯಲ್ಲೇ. ಹತ್ತು ಮಕ್ಕಳು ಹುಟ್ಟಿದರು, ಮೂವರು ಚಿಕ್ಕಂದಿನಲ್ಲೇ ತೀರಿಕೊಂಡರು. ಕೆಲಸ, ಕಾಯಿಲೆ, ಮಕ್ಕಳು ಎಲ್ಲವೂ ಒಂದೇ ಸೂರಿನಡಿ. ಹಾಗಾಗಿ ಆ ಮಕ್ಕಳು ತಮ್ಮ ಅಪ್ಪನನ್ನು ಬಹಳ ಹತ್ತಿರದಿಂದ ನೋಡಿದವರು.

ಒಂದು ಪ್ರಸಂಗ. ಮಕ್ಕಳಲ್ಲಿ ಒಬ್ಬನಿಗೆ ಸುಮಾರು ನಾಲ್ಕು ವರ್ಷ. ಅಪ್ಪ ಕೆಲಸದ ಕೋಣೆಯಲ್ಲಿ ಇದ್ದಾರೆ. ಅದು ಆಟದ ಹೊತ್ತಲ್ಲ, ಅದು ಅವನಿಗೂ ಗೊತ್ತು. ಆದರೂ ಹೋಗಿ, ಬಂದು ಆಡಿದರೆ ಆರು ಪೆನ್ನಿ ಕೊಡುತ್ತೇನೆ ಎಂದು ಅಪ್ಪನಿಗೆ ಲಂಚ ಒಡ್ಡಿದ! ಇದನ್ನು ಹೇಳಿದ್ದು ಮಗಳು ಹೆನ್ರಿಯೆಟ್ಟಾ. ಆರು ಪೆನ್ನಿಯನ್ನು ಯಾರಾದರೂ ಬೇಡ ಎನ್ನಬಹುದು ಎಂದು ನಮಗೆ ಯಾರಿಗೂ ನಂಬಲಾಗಲಿಲ್ಲ ಎನ್ನುತ್ತಾರೆ ಆಕೆ.

ಆ ಕೋಣೆಗೆ ಮಕ್ಕಳು ದಾರ ಬೇಕು, ಕತ್ತರಿ ಬೇಕು, ಅಂಚೆ ಚೀಟಿ ಬೇಕು, ಸುತ್ತಿಗೆ ಬೇಕು ಎಂದು ಒಬ್ಬರ ಹಿಂದೆ ಒಬ್ಬರು ನುಗ್ಗುತ್ತಲೇ ಇದ್ದರು. ಆ ಮನುಷ್ಯ ಬೈಯಲಿಲ್ಲ. ಒಂದು ಸಲ ಮಾತ್ರ ತಾಳ್ಮೆಯ ಮುಖ ಮಾಡಿ, “ಇನ್ನೊಂದು ಸಲ ಬರದೆ ಇರೋಕಾಗುತ್ತಾ ನೋಡ್ತೀಯಾ? ಆಗಿನಿಂದ ತುಂಬ ಸಲ ಕೆಲಸ ನಿಂತಿದೆ” ಎಂಬರ್ಥದ ಮಾತು ಹೇಳಿದರಂತೆ. ಮಗಳಿಗೆ ಆ ಮಾತಿಗಿಂತ ಆ ಮುಖ ನೆನಪಿದೆ. ಅಪ್ಪ ಹಸ್ತಪ್ರತಿ ಬರೆದ ಹಾಳೆಗಳ ಹಿಂದೆ ಮಕ್ಕಳು ಚಿತ್ರ ಬರೆದು ಬಣ್ಣ ಹಚ್ಚಿದ್ದಾರೆ. 1859ರಲ್ಲಿ ಜಗತ್ತನ್ನೇ ಅಲುಗಾಡಿಸಿದ ‘ಆರಿಜಿನ್ ಆಫ್ ಸ್ಪೀಶೀಸ್’ ಪುಸ್ತಕದ ಕೆಲವು ಹಸ್ತಪ್ರತಿ ಹಾಳೆಗಳು ಇವತ್ತು ಉಳಿದಿರುವುದೇ ಅವುಗಳ ಹಿಂದೆ ಮಕ್ಕಳ ಚಿತ್ರ ಇದ್ದ ಕಾರಣಕ್ಕೆ.

ಇನ್ನೊಂದು. ಸೋಫಾ ಮೇಲೆ ಕುಣಿಯಬಾರದು, ಸ್ಪ್ರಿಂಗ್ ಹಾಳಾಗುತ್ತದೆ ಎಂದು ಮನೆಯಲ್ಲಿ ಒಂದು ನಿಯಮ. ಅಪ್ಪ ಕೋಣೆಗೆ ಬಂದರೆ ಪುಟ್ಟ ಲೆನಾರ್ಡ್ ಸೋಫಾ ಮೇಲೆ ಕುಣಿಯುತ್ತಿದ್ದಾನೆ. “ಲೆನ್ನಿ, ಲೆನ್ನಿ, ಇದು ನಿಯಮಕ್ಕೆ ವಿರುದ್ಧ ಕಣೋ” ಎಂದರು. ಹುಡುಗ ಏನೆಂದ ಗೊತ್ತಾ? “ಹಾಗಾದ್ರೆ ನೀವು ಕೋಣೆಯಿಂದ ಹೊರಗೆ ಹೋಗೋದು ಒಳ್ಳೇದು.” ಈ ಕಥೆಯನ್ನು ತಮ್ಮ ಮೇಲೇ ಬಂದ ಮಾತೆಂದು ಡಾರ್ವಿನ್ ಮುಚ್ಚಿಡಲಿಲ್ಲ. ತಾವೇ ಬೇರೆಯವರಿಗೆ ಹೇಳಿಕೊಂಡು ಖುಷಿಪಡುತ್ತಿದ್ದರು. ಒಂದು ಮನೆಯಲ್ಲಿ ಅಪ್ಪನಿಗೆ ಮಗು ಹೀಗೆ ಉತ್ತರ ಕೊಡಬಹುದು, ಅಪ್ಪ ಅದನ್ನು ಕೇಳಿ ನಗಬಹುದು ಎಂದರೆ ಆ ಮನೆಯಲ್ಲಿ ಹೆದರಿಕೆ ಇರಲಿಲ್ಲ ಎಂದು ನನಗನ್ನಿಸುತ್ತದೆ. ಬೇರೆ ಸಾಕ್ಷಿ ನನಗೆ ಬೇಡ.

ಇವೆಲ್ಲ ಪ್ರಸಂಗಗಳು. ಪ್ರಸಂಗಗಳು ಹೇಗೋ ಬಾಯಿಂದ ಬಾಯಿಗೆ ಉಳಿಯುತ್ತವೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಗ ಫ್ರಾನ್ಸಿಸ್ ಬರೆದಿದ್ದು. ಅಪ್ಪ ಹೋದ ಐದು ವರ್ಷಕ್ಕೆ, 1887ರಲ್ಲಿ, ಫ್ರಾನ್ಸಿಸ್ ಅಪ್ಪನ ಜೀವನವನ್ನೂ ಪತ್ರಗಳನ್ನೂ ಮೂರು ಸಂಪುಟಗಳಲ್ಲಿ ಪ್ರಕಟಿಸಿದರು. ಅದರಲ್ಲಿ ಅಪ್ಪನ ದಿನನಿತ್ಯದ ಬದುಕಿನ ಬಗ್ಗೆ ಒಂದು ಅಧ್ಯಾಯ ಇದೆ. ಅಲ್ಲಿ ಸಿದ್ಧಾಂತ ಇಲ್ಲ, ಹೊಗಳಿಕೆ ಬಹಳ ಕಡಿಮೆ. ಸದ್ದುಗಳಿವೆ.

ಅಪ್ಪ ಮನೆಯ ಹಿಂದಿನ ಮರಳು ಹಾದಿಯಲ್ಲಿ ನಡೆಯುವಾಗ ಕಬ್ಬಿಣದ ತುದಿಯ ಕೋಲನ್ನು ನೆಲಕ್ಕೆ ಜೋರಾಗಿ ಊರುತ್ತಿದ್ದರು, ಅದು ಟಕ್ ಟಕ್ ಎಂದು ಒಂದೇ ತಾಳದಲ್ಲಿ ಕೇಳುತ್ತಿತ್ತು ಎಂದು ಬರೆಯುತ್ತಾರೆ. ಅಪ್ಪನ ನಗುವನ್ನೂ ಬರೆಯುತ್ತಾರೆ. ಬಿಚ್ಚು ಮನಸ್ಸಿನ, ದೊಡ್ಡದಾಗಿ ಮೊಳಗುವ ನಗು. ನಗುವಾಗ ಎರಡೂ ಕೈ ಮೇಲೆತ್ತುತ್ತಿದ್ದರು, ಇಲ್ಲವೇ ಒಂದು ಕೈಯನ್ನು ಪಟ್ಟೆಂದು ಕೆಳಗೆ ಬಡಿಯುತ್ತಿದ್ದರು. ಯೋಚಿಸಿ ನೋಡಿ. ಅಪ್ಪ ಯಾವ ಮಾತಿಗೆ ನಕ್ಕರು ಎಂದು ಮಗ ಬರೆಯಲಿಲ್ಲ. ಕೈ ಎಲ್ಲಿಗೆ ಹೋಯಿತು ಎಂದು ಬರೆದರು. 135 ವರ್ಷ ದಾಟಿದ ಮೇಲೂ ಆ ಕೈ ನನಗೆ ಕಾಣುತ್ತದೆ.

ಆಮೇಲೆ ನಶ್ಯ. ಡಾರ್ವಿನ್ ಅವರಿಗೆ ನಶ್ಯದ ಚಟ. ಬಿಡಬೇಕೆಂದು ಆಸೆ. ಅದಕ್ಕೆ ಅವರು ಮಾಡಿಕೊಂಡ ಉಪಾಯ ಏನೆಂದರೆ, ನಶ್ಯದ ಜಾಡಿಯನ್ನು ಕೆಲಸದ ಕೋಣೆಯಲ್ಲಿ ಇಡದೆ ಹೊರಗಿನ ಹಜಾರದಲ್ಲಿ ಇಡುವುದು. ಎದ್ದು ಅಷ್ಟು ದೂರ ಹೋಗಬೇಕಲ್ಲ, ಹಾಗಾದರೂ ಕಡಿಮೆ ಆಗಲಿ ಎಂದು. ಆದರೆ ಏನಾಯಿತು? ಆ ಜಾಡಿಯ ಮುಚ್ಚಳ ಟಣ್ ಎನ್ನುವ ಸದ್ದು ಮನೆಯಲ್ಲಿ ಎಲ್ಲರಿಗೂ ಪರಿಚಿತವಾಗಿಬಿಟ್ಟಿತು. ಕೆಲವು ಸಲ ಎಲ್ಲರೂ ಕೂತು ಮಾತಾಡುತ್ತಿರುವಾಗ ಇದ್ದಕ್ಕಿದ್ದ ಹಾಗೆ ಅಪ್ಪನಿಗೆ ಕೆಲಸದ ಕೋಣೆಯ ಬೆಂಕಿ ಆರುತ್ತಿರಬಹುದು ಎಂದು ಚಿಂತೆ ಹತ್ತುತ್ತಿತ್ತಂತೆ. ನಾವು ಹೋಗಿ ನೋಡುತ್ತೇವೆ ಎಂದು ಮಕ್ಕಳು ಎದ್ದರೆ, ಅವರಿಗೆ ಬೇಕಾಗಿದ್ದದ್ದು ಒಂದು ಚಿಟಿಕೆ ನಶ್ಯವೂ ಹೌದು ಎಂದು ಆಮೇಲೆ ಗೊತ್ತಾಗುತ್ತಿತ್ತು.

ಇದನ್ನು ಓದಿದಾಗ ನನಗೆ ಅಪ್ಪನ ಪುಸ್ ಎಂಬ ಸದ್ದು ನೆನಪಾಯಿತು. ಅಲ್ಲೇ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಅತ್ತೆ.

ಫ್ರಾನ್ಸಿಸ್ ಹೀಗೆ ಬರೆಯುವುದನ್ನು ಎಲ್ಲಿಂದ ಕಲಿತರು? ನನ್ನ ಊಹೆ, ಅಪ್ಪನಿಂದಲೇ. ಡಾರ್ವಿನ್ ಮನೆಯವರನ್ನೂ ಅಷ್ಟೇ ಗಮನವಿಟ್ಟು ನೋಡುತ್ತಿದ್ದವರು. ಮೊದಲ ಮಗ ವಿಲಿಯಂ 1839ರ ಡಿಸೆಂಬರ್ ಕೊನೆಯಲ್ಲಿ ಹುಟ್ಟಿದಾಗಿನಿಂದ ಅವರು ಅವನ ಬಗ್ಗೆ ಟಿಪ್ಪಣಿ ಮಾಡಿಕೊಂಡರು. ಮಗು ಮೊದಲು ನಕ್ಕಿದ್ದು 45ನೆಯ ದಿನ. 110ನೆಯ ದಿನ ಅದರ ಮುಖದ ಮೇಲೆ ಬಟ್ಟೆ ಹಾಕಿ ಸರಕ್ಕನೆ ತೆಗೆದರೆ ಅದಕ್ಕೆ ಭಾರಿ ಖುಷಿ. ಅಪ್ಪ ತನ್ನ ಮುಖ ಮುಚ್ಚಿಕೊಂಡು ಇದ್ದಕ್ಕಿದ್ದಂತೆ ತೆರೆದು ಹತ್ತಿರ ಬಂದರೂ ಹಾಗೇ. ಮಗುವಿನ ಪಕ್ಕದಲ್ಲಿ ಚಿತ್ರವಿಚಿತ್ರ ಸದ್ದು ಮಾಡುವುದು ಅಪ್ಪನ ಅಭ್ಯಾಸ, ಮಗುವಿಗೆ ಅದೆಲ್ಲ ತಮಾಷೆ. ನಾಲ್ಕೂವರೆ ತಿಂಗಳ ಹೊತ್ತಿಗೆ ಒಂದು ದಿನ ಅಪ್ಪ ಹೊಸದಾಗಿ ಗೊರಕೆ ಹೊಡೆದು ತೋರಿಸಿದರು. ಮಗುವಿನ ಮುಖ ಗಂಭೀರವಾಯಿತು, ಜೋರಾಗಿ ಅತ್ತುಬಿಟ್ಟಿತು. ಇದನ್ನೆಲ್ಲ ಅವರು 1877ರಲ್ಲಿ ಒಂದು ಪತ್ರಿಕೆಯಲ್ಲಿ ಪ್ರಕಟಿಸಿದರು. ವಿಜ್ಞಾನದ ಲೇಖನ ಅದು. ನನಗೆ ಮಾತ್ರ ಅದರಲ್ಲಿ ಮಗನ ಮುಂದೆ ಗೊರಕೆ ಹೊಡೆಯುತ್ತಿರುವ ಒಬ್ಬ ಚಿಕ್ಕ ವಯಸ್ಸಿನ ಅಪ್ಪ ಕಾಣುತ್ತಾರೆ.

ಮಗಳು ಆನಿಯ ವಿಷಯ ಹೇಳದೆ ಇರಲು ಆಗುವುದಿಲ್ಲ. 1851ರ ಏಪ್ರಿಲ್ 23ರಂದು, ಹತ್ತು ವರ್ಷದ ಆನಿ ತೀರಿಕೊಂಡಳು. ಡಾರ್ವಿನ್ ಅವಳ ಜೊತೆಗಿದ್ದರು. ಎಮ್ಮಾ ತುಂಬು ಗರ್ಭಿಣಿ, ದೂರದಲ್ಲಿ ಮನೆಯಲ್ಲೇ ಇದ್ದರು. ಒಂದು ವಾರಕ್ಕೆ, ಏಪ್ರಿಲ್ 30ರಂದು, ಡಾರ್ವಿನ್ ಕೂತು ಆನಿಯ ಬಗ್ಗೆ ಕೆಲವು ಪುಟ ಬರೆದರು. ಯಾಕೆ ಬರೆಯುತ್ತಿದ್ದೇನೆ ಎಂದು ಮೊದಲಿಗೇ ಹೇಳುತ್ತಾರೆ. ಮುಂದೆ ನಾವು ಬದುಕಿದ್ದರೆ, ಈಗ ಬರೆದಿಟ್ಟದ್ದು ಅವಳ ಗುಣಗಳನ್ನು ಇನ್ನೂ ಸ್ಪಷ್ಟವಾಗಿ ನೆನಪಿಗೆ ತರುತ್ತದೆ ಎಂದು. ಅದರಲ್ಲಿ ಒಂದು ಸಾಲು ಇದೆ. ಅಪ್ಪನಿಗಾಗಿ ಒಂದು ಚಿಟಿಕೆ ನಶ್ಯ ಕದ್ದುಕೊಂಡು ಅವಳು ಮೆಟ್ಟಿಲಿಳಿದು ಓಡಿ ಬರುತ್ತಿದ್ದಳು, ಇನ್ನೊಬ್ಬರಿಗೆ ಖುಷಿ ಕೊಡುವ ಖುಷಿಯಲ್ಲಿ ಅವಳ ಮೈಯೆಲ್ಲ ಬೆಳಗುತ್ತಿತ್ತು ಎಂದು.

ಮತ್ತೆ ನಶ್ಯ. ಒಂದು ಸಣ್ಣ ಚಟ, ಅದರ ಸುತ್ತ ಮಗಳ ಓಟ, ಮಗನ ಕಿವಿ. ಇಪ್ಪತ್ತೈದು ವರ್ಷದ ನಂತರ ತಮ್ಮ ಆತ್ಮಕಥೆಯಲ್ಲಿ, ಅವಳ ಮುದ್ದು ನಡತೆ ನೆನೆದರೆ ಈಗಲೂ ಕೆಲವು ಸಲ ಕಣ್ಣಲ್ಲಿ ನೀರು ಬರುತ್ತದೆ ಎಂದು ಬರೆದರು ಡಾರ್ವಿನ್. ಇದೇ ಮನುಷ್ಯ ಮನೆಯನ್ನು ನಗಿಸುತ್ತಿದ್ದವರು. ಇನ್ನೊಂದು ಮಾತನ್ನೂ ಸೇರಿಸಬೇಕು. ಸುಮಾರು 40 ವರ್ಷ ಅಪ್ಪನಿಗೆ ಸಾಮಾನ್ಯ ಮನುಷ್ಯರ ಆರೋಗ್ಯದ ಒಂದು ದಿನವೂ ಸಿಗಲಿಲ್ಲ ಎಂದು ಫ್ರಾನ್ಸಿಸ್ ಬರೆಯುತ್ತಾರೆ. ನಗಿಸುವವರನ್ನು ಕಂಡರೆ ಅವರಿಗೇನು ಕಷ್ಟ ಇತ್ತು, ಹಾಯಾಗಿದ್ದರು ಎಂದು ಜನ ಅಂದುಕೊಳ್ಳುತ್ತಾರೆ. ನನ್ನ ಅಪ್ಪನ ಬಗ್ಗೆಯೂ ಹಾಗೆ ಹೇಳಿದವರಿದ್ದಾರೆ. ಆ ಮಾತು ಕೇಳಿದಾಗ ನನಗೆ ಸಂಕಟವಾಗುತ್ತದೆ. ನೋವು ತಿಂದುಕೊಂಡೇ ಅವರು ನಮ್ಮನ್ನು ನಗಿಸಿದರು ಎಂದು ನೆನಪಿಟ್ಟರೆ ಮಾತ್ರ ನಾವು ಪೂರ್ತಿ ನೆನಪಿಟ್ಟ ಹಾಗೆ.

ಈಗ ಗಂಡನ ವಿಷಯ. ಅಪ್ಪನನ್ನು ನೆನೆಯುವಾಗ ಮಕ್ಕಳು ಅಮ್ಮನ ಗಂಡನನ್ನು ಮರೆಯುತ್ತಾರೆ. ನಾನೂ ಮರೆತಿದ್ದೆ.

ಚಾರ್ಲ್ಸ್ ಮತ್ತು ಎಮ್ಮಾ ರಾತ್ರಿ ಊಟವಾದ ಮೇಲೆ ಬ್ಯಾಕ್‌ಗ್ಯಾಮನ್ ಆಡುತ್ತಿದ್ದರು. ನಮ್ಮ ಪಗಡೆಯ ಹಾಗೆ ದಾಳ ಹಾಕಿ ಕಾಯಿ ನಡೆಸುವ ಆಟ. ದಿನಕ್ಕೆ ಎರಡು ಆಟ. ಯಾರು ಎಷ್ಟು ಗೆದ್ದರು ಎಂದು ಡಾರ್ವಿನ್ ಲೆಕ್ಕ ಇಟ್ಟಿದ್ದರು. 1876ರ ಜನವರಿಯಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇ ಅವರಿಗೆ ಬರೆದ ಪತ್ರದಲ್ಲಿ ಆ ಲೆಕ್ಕ ಒಪ್ಪಿಸುತ್ತಾರೆ. ಪಾಪ, ನನ್ನ ಹೆಂಡತಿ ಗೆದ್ದದ್ದು ಬರೀ 2490 ಆಟ, ನಾನು ಗೆದ್ದದ್ದು, ಹುರ್ರೇ ಹುರ್ರೇ, 2795 ಆಟ! ಆಗ ಅವರಿಗೆ 66 ವರ್ಷ. ಎರಡೂ ಕೂಡಿಸಿದರೆ 5285 ಆಟ. ಆ ಸಂಖ್ಯೆಯನ್ನು ನೋಡಿದಾಗಲೆಲ್ಲ ನನಗೆ ಸಾವಿರಾರು ಸಂಜೆಗಳು ಕಾಣುತ್ತವೆ. ಕಾಯಿಲೆಯ ಸಂಜೆ, ಮಗು ಹೋದ ನಂತರದ ಸಂಜೆ, ಜಗಳ ಆಡಿದ ಸಂಜೆಯೂ ಇದ್ದಿರಬೇಕು. ಆದರೂ ದಾಳ ಬೀಳುತ್ತಲೇ ಇತ್ತು.

ಆಟದ ಜೊತೆ ಓದು. ಎಮ್ಮಾ ಜೋರಾಗಿ ಕಾದಂಬರಿ ಓದುತ್ತಿದ್ದರು, ಚಾರ್ಲ್ಸ್ ಮಲಗಿಕೊಂಡು ಕೇಳುತ್ತಿದ್ದರು. ಕೊನೆ ಸುಖವಾಗಿ ಇರಬೇಕು. ದುಃಖದಲ್ಲಿ ಮುಗಿಯುವ ಕಾದಂಬರಿಗಳ ವಿರುದ್ಧ ಒಂದು ಕಾನೂನು ತರಬೇಕು ಎಂದು ಅವರೇ ಬರೆದುಕೊಂಡಿದ್ದಾರೆ. ಕೊನೆಯ ವರ್ಷಗಳಲ್ಲಿ ಎರೆಹುಳುಗಳಿಗೆ ಸದ್ದು ಕೇಳುತ್ತದೆಯೇ ಎಂದು ಪರೀಕ್ಷೆ ಮಾಡಿದರು. ಹುಳುಗಳಿದ್ದ ಕುಂಡವನ್ನು ಪಿಯಾನೋ ಮೇಲೇ ಇಟ್ಟು ಸ್ವರ ನುಡಿಸಿದರೆ ಅವು ಸರ್ರನೆ ಬಿಲಕ್ಕೆ ಇಳಿದವು. ಪಕ್ಕದಲ್ಲಿ ಇಟ್ಟಾಗ ಎಷ್ಟು ಜೋರಾಗಿ ನುಡಿಸಿದರೂ ಜಪ್ಪಯ್ಯ ಎನ್ನಲಿಲ್ಲ. ಕಿವಿ ಇಲ್ಲ, ಕಂಪನ ಮಾತ್ರ ತಿಳಿಯುತ್ತದೆ ಎಂದು ತೀರ್ಮಾನಿಸಿದರು. ಹೆಂಡತಿಯ ಪಿಯಾನೋ ಮೇಲೆ ಹುಳುವಿನ ಕುಂಡ ಇಡುವ ಗಂಡ! ಎಮ್ಮಾ ಎಂಥ ಹೆಂಗಸಾಗಿದ್ದಿರಬೇಕು ಎಂದೂ ಇದರಲ್ಲಿ ಗೊತ್ತಾಗುತ್ತದೆ, ಅಲ್ವಾ?

ಆದರೆ ಇವರಿಬ್ಬರ ನಡುವೆ ಒಂದು ನೋವೂ ಇತ್ತು. ಎಮ್ಮಾ ದೇವರಲ್ಲಿ ಗಟ್ಟಿ ನಂಬಿಕೆ ಇದ್ದವರು. ಚಾರ್ಲ್ಸ್ ಅವರ ನಂಬಿಕೆ ನಿಧಾನವಾಗಿ ಹೋಯಿತು. ಮದುವೆಯಾದ ಹೊಸತರಲ್ಲೇ ಎಮ್ಮಾ ಆ ಬಗ್ಗೆ ತಮ್ಮ ಆತಂಕವನ್ನು ಒಂದು ಪತ್ರದಲ್ಲಿ ಬರೆದು ಗಂಡನಿಗೆ ಕೊಟ್ಟರು. ಆ ಪತ್ರವನ್ನು ಡಾರ್ವಿನ್ ಜೀವನಪೂರ್ತಿ ಇಟ್ಟುಕೊಂಡಿದ್ದರು. ಅದರ ಕೊನೆಗೆ ತಮ್ಮ ಕೈಯಲ್ಲಿ ಒಂದು ಮಾತು ಬರೆದರು. ನಾನು ಸತ್ತ ಮೇಲೆ ನಿನಗೆ ತಿಳಿಯಲಿ, ಎಷ್ಟೋ ಸಲ ಇದಕ್ಕೆ ಮುತ್ತಿಟ್ಟು ಅತ್ತಿದ್ದೇನೆ ಎಂದು.

ಅವರು ಹೋದ ಮೇಲೆ ಈ ವಿಷಯ ಮತ್ತೆ ಎದ್ದಿತು. ಫ್ರಾನ್ಸಿಸ್ ಅಪ್ಪನ ಆತ್ಮಕಥೆಯನ್ನು ಅಚ್ಚಿಗೆ ಕೊಡುವಾಗ, ಧರ್ಮದ ಬಗ್ಗೆ ಅಪ್ಪ ಬರೆದ ಕೆಲವು ಮಾತು ಬೇಡ, ಸ್ನೇಹಿತರಿಗೆ ನೋವಾಗುತ್ತದೆ ಎಂದು ಎಮ್ಮಾ ಕೇಳಿಕೊಂಡರು. ಆ ಭಾಗಗಳು 1887ರಲ್ಲಿ ಅಚ್ಚಾಗಲಿಲ್ಲ. ಮೊಮ್ಮಗಳು ನೋರಾ ಬಾರ್ಲೋ ಅವನ್ನೆಲ್ಲ ಮತ್ತೆ ಸೇರಿಸಿ ಪೂರ್ತಿ ಆತ್ಮಕಥೆ ತಂದಿದ್ದು 1958ರಲ್ಲಿ. ಇದರಲ್ಲಿ ಯಾರು ಸರಿ? ಮೊದಮೊದಲು ನನಗೆ ಎಮ್ಮಾ ಮೇಲೆ ಬೇಸರ ಬಂದಿತ್ತು. ಈಗಿಲ್ಲ. ಅವರು ಬೇಡ ಎಂದದ್ದು ಅಚ್ಚು ಮಾಡುವುದನ್ನು. ಹಾಳೆಗಳನ್ನು ಸುಡಲಿಲ್ಲ. ನಿಮ್ಮ ಮನೆಯಲ್ಲೂ ಇಂಥದ್ದು ಇರುತ್ತದೆ. ಗಂಡನ ಯಾವುದೋ ಒಂದು ಮಾತು ಹೆಂಡತಿಗೆ ಇನ್ನೂ ಚುಚ್ಚುತ್ತದೆ, ಮಕ್ಕಳಿಗೆ ಅದೇ ದೊಡ್ಡ ತಮಾಷೆ. ಈಗ ಹೇಳಬೇಕೆಂದಿಲ್ಲ. ಬರೆದು ಇಟ್ಟರೆ ಸಾಕು. ಹರಿದು ಮಾತ್ರ ಹಾಕಬೇಡಿ.

ಒಂದು ಪ್ರಶ್ನೆ ನನ್ನನ್ನು ಕಾಡಿತ್ತು. ಹೋದವರನ್ನು ನೆನೆದು ನಗುವುದು ಸರಿಯಾ? ಅಮ್ಮನಿಗಂತೂ ಅದು ಮಹಾಪರಾಧ ಅನ್ನಿಸುತ್ತಿತ್ತು. ನಗು ಬಂದರೆ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. 1997ರಲ್ಲಿ ಡಾಚರ್ ಕೆಲ್ಟ್ನರ್ ಮತ್ತು ಜಾರ್ಜ್ ಬೊನಾನೊ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಒಂದು ಅಧ್ಯಯನ ಇದೆ. ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡು ಸುಮಾರು ಆರು ತಿಂಗಳಾದವರನ್ನು ಮಾತಾಡಿಸಿ, ಆ ಮಾತುಕತೆಯ ವಿಡಿಯೋದಲ್ಲಿ ಮುಖದ ಸ್ನಾಯುಗಳನ್ನು ಗಮನಿಸಿದರು. ಮಾತಿನ ನಡುವೆ ಕಣ್ಣಂಚು ಸುಕ್ಕುಗಟ್ಟುವ ಹಾಗೆ ನಿಜವಾಗಿ ನಕ್ಕವರಿಗೆ ಕೋಪ ಕಡಿಮೆ ಇತ್ತು, ಬೇರೆಯವರ ಜೊತೆಗಿನ ಸಂಬಂಧ ಚೆನ್ನಾಗಿತ್ತು. ಬಾಯಿಯಲ್ಲಿ ಮಾತ್ರ ನಕ್ಕವರಲ್ಲಿ ಇದು ಕಾಣಲಿಲ್ಲ. ನಕ್ಕರೆ ದುಃಖ ಹೋಗುತ್ತದೆ ಎಂದು ಇದರ ಅರ್ಥವಲ್ಲ. ಆರು ತಿಂಗಳಿಗೇ ನಕ್ಕವರು ಕಡಿಮೆ ಪ್ರೀತಿಸಿದವರಲ್ಲ ಎಂದು ಮಾತ್ರ ನನಗನ್ನಿಸುತ್ತದೆ.

ಕಣ್ಣಿನಲ್ಲಿ ನಗುವುದು, ಬಾಯಲ್ಲಿ ಮಾತ್ರ ನಗುವುದು ಎಂಬ ಈ ವ್ಯತ್ಯಾಸವನ್ನು ಮೊದಲು ತೋರಿಸಿದ್ದು ಡೂಶೆನ್ ಎಂಬ ಫ್ರೆಂಚ್ ವೈದ್ಯ, 1862ರಲ್ಲಿ. ಅವರು ತೆಗೆದ ಫೋಟೋಗಳನ್ನು ಇಪ್ಪತ್ತಕ್ಕೂ ಹೆಚ್ಚು ಜನರಿಗೆ ತೋರಿಸಿ, ಈ ಮುಖದಲ್ಲಿ ಯಾವ ಭಾವ ಕಾಣುತ್ತದೆ ಹೇಳಿ ಎಂದು ಕೇಳಿ, 1872ರಲ್ಲಿ ಅದನ್ನು ಪುಸ್ತಕದಲ್ಲಿ ಬರೆದವರು ಯಾರು ಗೊತ್ತಾ? ನಮ್ಮ ಡೌನ್ ಹೌಸಿನ ಅಪ್ಪನೇ. ಇದು ತಿಳಿದಾಗ ನನಗೆ ಆದ ಸಂತೋಷ ಹೇಳತೀರದು. ಅಮ್ಮನಿಗೆ ಹೇಳಿದೆ. “ನಗುವನ್ನೂ ಕೂತು ನೋಡಿದ್ದಾರಾ ಪುಣ್ಯಾತ್ಮರು” ಎಂದರು.

ಆಮೇಲೆ ನಾವು ಮೂವರೂ ಒಂದು ನೋಟ್ ಬುಕ್ ಇಟ್ಟೆವು. ಒಂದೇ ಷರತ್ತು. ‘ಒಳ್ಳೆಯವರು’, ‘ಹಾಸ್ಯ ಸ್ವಭಾವದವರು’, ‘ಪ್ರೀತಿಯ ಸಾಗರ’ ಎಂದೆಲ್ಲ ಬರೆಯುವ ಹಾಗಿಲ್ಲ. ಎಲ್ಲಿ, ಎಷ್ಟು ಹೊತ್ತಿಗೆ, ಕೈಯಲ್ಲಿ ಏನಿತ್ತು, ಏನು ಸದ್ದು ಬಂತು, ಇಷ್ಟೇ. ಮೊದಲ ಎರಡು ವಾರ ಅಮ್ಮ ಪುಸ್ತಕ ಮುಟ್ಟಲಿಲ್ಲ. ಒಂದು ದಿನ ನೋಡಿದರೆ ಅವರ ದುಂಡು ಅಕ್ಷರದಲ್ಲಿ ಹೀಗಿತ್ತು: “ಊಟಕ್ಕೆ ಕರೆದರೆ ಒಂದೇ ಸಲಕ್ಕೆ ಬರುತ್ತಿರಲಿಲ್ಲ. ಎರಡನೆಯ ಸಲವೂ ಇಲ್ಲ. ಮೂರನೆಯ ಸಲ ಕರೆದಾಗ ಬಾಗಿಲಲ್ಲಿ ನಿಂತು ‘ನನ್ನನ್ನಾ?’ ಎಂದು ಕೇಳುತ್ತಿದ್ದರು. ಮನೆಯಲ್ಲಿ ಇದ್ದವರು ನಾವಿಬ್ಬರೇ.”

ನಾನು ಅದನ್ನು ಓದಿ ಜೋರಾಗಿ ನಕ್ಕೆ. ಅಮ್ಮ ಒಳಗಿನಿಂದ ಬಂದರು. ನಾನು ನಗುವುದನ್ನು ನೋಡಿ ಅವರಿಗೂ ನಗು ಬಂತು, ಕಣ್ಣಿನ ತನಕ. ಸೆರಗಿಗೆ ಕೈ ಹೋಗಲಿಲ್ಲ. ಆಮೇಲೆ ಇಬ್ಬರೂ ಅತ್ತೆವು, ಆಮೇಲೆ ಊಟ ಮಾಡಿದೆವು.

ಆ ಪುಸ್ತಕದಲ್ಲಿ ಈಗ ಎಪ್ಪತ್ತಕ್ಕಿಂತ ಜಾಸ್ತಿ ಬರಹಗಳಿವೆ. ತಮ್ಮ ಬರೆದ ಕೆಲವು ನನಗೆ ಗೊತ್ತೇ ಇರಲಿಲ್ಲ. ಅವನಿಗೆ ಇದ್ದ ಅಪ್ಪ ಬೇರೆ, ನನಗೆ ಇದ್ದ ಅಪ್ಪ ಬೇರೆ. ಒಂದು ಪ್ರಸಂಗವನ್ನು ಮೂವರೂ ಮೂರು ಥರ ಬರೆದಿದ್ದೇವೆ. ಸರಿಮಾಡಲು ಹೋಗಿಲ್ಲ, ಹಾಗೇ ಬಿಟ್ಟಿದ್ದೇವೆ. ಆ ಪುಟ್ಟ ಹುಡುಗಿ ಇನ್ನೊಮ್ಮೆ ಬಂದಾಗ ಅಮ್ಮ ತಾವೇ ಬಾಗಿಲಲ್ಲಿ ನಿಂತು, ಅಪ್ಪನ ಹಾಗೆ ಹುಬ್ಬೇರಿಸಿ, “ನನ್ನನ್ನಾ?” ಎಂದು ಮಾಡಿ ತೋರಿಸಿದರು.

ನಿಮ್ಮ ಕುರ್ಚಿಗಳ ಮೇಲೆ ಒಂದೊಂದು ಹಾಳೆ ಇಟ್ಟಿದ್ದೇವೆ. ಸಭೆ ಮುಗಿಯಲು ಇನ್ನೂ ಸಮಯ ಇದೆ. ಗಂಡನನ್ನೋ ಅಪ್ಪನನ್ನೋ ಕಳೆದುಕೊಂಡವರು ಇಲ್ಲಿ ತುಂಬ ಜನ ಇದ್ದೀರಿ. ಅವರ ಒಂದು ಸದ್ದು ಬರೆಯಿರಿ. ಕೆಮ್ಮೋ, ಚಪ್ಪಲಿಯೋ, ಬೀಗದ ಕೈ ಇಡುತ್ತಿದ್ದ ಸದ್ದೋ, ಯಾವುದಾದರೂ ಸರಿ. ತಮ್ಮ ಅಪ್ಪ, ಗಂಡ ಇನ್ನೂ ಇರುವವರು ಇವತ್ತು ಮನೆಗೆ ಹೋಗಿ ಕೇಳಿಸಿಕೊಳ್ಳಿ.

(ನಾನು ಹೀಗೆ ಹೇಳಿದ ಮೇಲೆ ಸಭೆ ಸ್ವಲ್ಪ ಹೊತ್ತು ಸುಮ್ಮನಿತ್ತು. ಜನ ತಲೆ ತಗ್ಗಿಸಿ ಬರೆಯುತ್ತಿದ್ದರು. ಆಗ ಮೂರನೆಯ ಸಾಲಿನಲ್ಲಿ ಕೂತಿದ್ದ ವಯಸ್ಸಾದ ಹೆಂಗಸೊಬ್ಬರು, ನನಗೆ ಬರೆಯೋಕೆ ಕಣ್ಣು ಕಾಣಲ್ಲಮ್ಮ, ಹೇಳ್ತೀನಿ ಎಂದು ಎದ್ದು ನಿಂತರು. ತಮ್ಮ ಯಜಮಾನರು ಸೀನುವ ಮುಂಚೆ ಮನೆಯವರಿಗೆಲ್ಲ “ಬಂತು, ಬಂತು” ಎಂದು ಎಚ್ಚರಿಕೆ ಕೊಡುತ್ತಿದ್ದರು, ಎಲ್ಲರೂ ಕೈಯಲ್ಲಿದ್ದ ಕೆಲಸ ಬಿಟ್ಟು ಕಾಯಬೇಕಿತ್ತು, ಎಷ್ಟೋ ಸಲ ಸೀನು ಬರುತ್ತಲೇ ಇರಲಿಲ್ಲ ಎಂದರು. “ಹೀಗೆ ನಿಂತ್ಕೊಂಡಿರೋರು ನೋಡಿ” ಎಂದು ಮುಖ ಮೇಲೆ ಮಾಡಿ, ಕಣ್ಣು ಅರ್ಧ ಮುಚ್ಚಿ, ಎರಡೂ ಕೈ ಗಾಳಿಯಲ್ಲಿ ಹಿಡಿದು ನಿಂತರು. ಸಭೆಯೆಲ್ಲ ಕಾಯುತ್ತಿತ್ತು. ಅವರು ಕೈ ಇಳಿಸಲೇ ಇಲ್ಲ.)